ಬೆಂಕಿ ರೋಗಕ್ಕೆ ಮಣ್ಣೊಳಗಿನ ಮದ್ದು

ಮಲೆನಾಡು ಮುಗಿದು ಬಯಲು ತೆರೆದುಕೊಳ್ಳುವ ಅಂಚಿನಲ್ಲಿದೆ ಮುಂಡಗೋಡ ತಾಲೂಕಿನ ಪಾಳಾ. ಮಾವಿನ ತೋಪು, ಅದರ ಪಕ್ಕಕ್ಕೇ ಭತ್ತದ ಗದ್ದೆ. ಬೇಸಿಗೆಯ ಕೊನೆಗೆ ಒಂದು ಅಡ್ಡಮಳೆ ಬಿದ್ದರೆ ಉತ್ತ ಹೆಂಟೆ ನೆನೆದು ಒಡೆಯುತ್ತದೆ, ಕಂಪು ಏಳುತ್ತದೆ. ಆ ಕಂಪಿಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ರಾಸಾಯನಿಕ. ಅದನ್ನು ತಯಾರಿಸುವುದು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ.

ಕೊಳೆತ ಹುಲ್ಲು, ಸತ್ತ ಬೇರು, ಸಗಣಿ ಈ ಬ್ಯಾಕ್ಟೀರಿಯಾಗಳ ಊಟ. ಅದೇ ಊಟಕ್ಕೆ ಶಿಲೀಂಧ್ರಗಳೂ ಬರುತ್ತವೆ. ಹಿಡಿ ಮಣ್ಣನ್ನು ನೀರಲ್ಲಿ ಕದಡಿ, ಅಗರ್ ತಟ್ಟೆಗೆ ಹಚ್ಚಿ ಕೆಲವು ದಿನ ಬಿಟ್ಟರೆ ಸುಣ್ಣದ ಪುಡಿ ಉದುರಿಸಿದಂತೆ ಬಿಳಿ, ಬೂದು ಚುಕ್ಕೆಗಳು ಮೂಡುತ್ತವೆ. ಪಕ್ಕಕ್ಕೆ ಶಿಲೀಂಧ್ರ ಬೆಳೆಸಿದರೆ, ಕೆಲವು ಚುಕ್ಕೆಗಳ ಹತ್ತಿರ ಬಂದ ಅದರ ಎಳೆ ನಿಂತುಬಿಡುತ್ತದೆ. ನಡುವೆ ಉಳಿಯುವ ಆ ಖಾಲಿ ಪಟ್ಟಿಯೇ ವಿಜ್ಞಾನಿ ಹುಡುಕುವ ಗುರುತು.

ಈ ಸೀಮೆಯ ಭತ್ತಕ್ಕೆ ಮೋಡ, ಇಬ್ಬನಿ ಕೂಡಿದ ದಿನಗಳಲ್ಲಿ ಶಿಲೀಂಧ್ರದಿಂದ ಬರುವ ಬೆಂಕಿ ರೋಗದ ಭಯ. ಎಲೆಯ ಮೇಲೆ ಕದಿರಿನಾಕಾರದ ಕಲೆ, ನಡುವೆ ಬೂದಿ ಬಣ್ಣ, ಅಂಚಿಗೆ ಕಂದು. ತೆನೆಯ ಕುತ್ತಿಗೆಗೆ ತಗುಲಿದರೆ ಕಾಳು ಜೊಳ್ಳು. ಯೂರಿಯಾ ಅತಿಯಾದ ಗದ್ದೆಯಲ್ಲಿ ಇನ್ನೂ ಜೋರು. ಇದಕ್ಕೆ ಸಿಂಪಡಿಸುವ ಔಷಧಗಳಲ್ಲಿ ಕಸುಗಾಮೈಸಿನ್ ಒಂದು. ಜಪಾನಿನ ನಾರಾ ಊರಿನ ಕಸುಗಾ ದೇಗುಲದ ಮಣ್ಣಿನಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್‌ನಿಂದ ಹಮಾವೊ ಉಮೆಜಾವಾ ತಂಡ 1965ರಲ್ಲಿ ಅದನ್ನು ಹೊರತೆಗೆಯಿತು. ಶಿಲೀಂಧ್ರ ಪ್ರೊಟೀನ್ ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ.

ನಮ್ಮವರೂ ಹಿಂದೆ ಬಿದ್ದಿರಲಿಲ್ಲ. ಕರ್ನಾಟಕದಲ್ಲಿ ಹುಟ್ಟಿದ ಎಂ.ಜೆ. ತಿರುಮಲಾಚಾರ್, ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್‌ನಲ್ಲಿ ಸಂಗಡಿಗರ ಜೊತೆ ಸ್ಟ್ರೆಪ್ಟೊಮೈಸಿಸ್‌ನಿಂದಲೇ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧ ಕಂಡುಹಿಡಿದರು. 1960ರ ದಶಕದ ಆರಂಭದ ಮಾತು.  2021ರಲ್ಲಿ ಕಪ್ಪು ಶಿಲೀಂಧ್ರ ಕಾಡಿದಾಗ ರಾಜ್ಯದ ರೋಗಿಗಳ ಮನೆಯವರು ಅಂಗಡಿ ಅಂಗಡಿ ಅಲೆದು ಹುಡುಕಿದ ಆಂಫೊಟೆರಿಸಿನ್-ಬಿ ಕೂಡ ವೆನೆಜುವೆಲಾದ ಒರಿನೊಕೊ ನದಿಯ ಸೀಮೆಯ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದು. ಶಿಲೀಂಧ್ರದ ಕೋಶದ ಪೊರೆಯಲ್ಲಿರುವ ಎರ್ಗೊಸ್ಟೆರಾಲನ್ನು ಹಿಡಿದು ಪೊರೆಯನ್ನೇ ಹಾಳುಗೆಡಹುವುದು ಅದರ ಬಗೆ. ಮನುಷ್ಯನ ಮೂತ್ರಪಿಂಡಕ್ಕೂ ಅದು ಕಠಿಣ, ಹಾಗಾಗಿ ವೈದ್ಯರು ರಕ್ತಪರೀಕ್ಷೆ ಮಾಡಿಸುತ್ತಲೇ ಕೊಡುತ್ತಾರೆ.

ಇಂಥ ಮದ್ದು ತಯಾರಿಸುವ ಜೀವಿಗಳು ಬಾಳಬೇಕಾದರೆ ಮಣ್ಣಿಗೆ ಸಾವಯವ ಅಂಶ ಬೇಕು. ಕೂರಿಗೆ ಹೂಡುವ ಮೊದಲು ಗದ್ದೆಗೆ ಬೀಳುವ ಕೊಟ್ಟಿಗೆ ಗೊಬ್ಬರ ಭತ್ತದ ಜೊತೆಗೆ ಅವಕ್ಕೂ ಸಲ್ಲುತ್ತದೆ. ಹುಲ್ಲಿನ ಕೂಳೆಗೆ ಬೆಂಕಿ ಹಚ್ಚಿದರೆ ಅವುಗಳ ಊಟವೇ ಹೊಗೆಯಾಗಿ ಹೋಗುತ್ತದೆ.