ಉಲುರು: ಹತ್ತುವ ಬಂಡೆಯಲ್ಲ, ಸುತ್ತುವ ಬಂಡೆ

ಆಸ್ಟ್ರೇಲಿಯಾದ ನಟ್ಟನಡುವೆ, ಕೆಂಪು ಮರಳಿನ ಬಯಲಿನಲ್ಲಿ ಒಂಟಿಯಾಗಿ ನಿಂತಿರುವ ಉಲುರು ಬಂಡೆಯ ನೆತ್ತಿಯನ್ನು ಪ್ರವಾಸಿಗರು ಕೊನೆಯ ಬಾರಿ ಏರಿದ್ದು 2019ರ ಅಕ್ಟೋಬರ್ 25ರಂದು. ಜೋರಾದ ಗಾಳಿಯಿಂದಾಗಿ ಅಂದು ಬೆಳಿಗ್ಗೆ ದಾರಿ ತೆರೆಯುವುದು ತಡವಾಯಿತು. ಬುಡದಲ್ಲಿ ನೂರಾರು ಜನ ಸಾಲುಗಟ್ಟಿ ಕಾದಿದ್ದರು. ಮರುದಿನದಿಂದ ಬಂಡೆ ಏರುವುದು ಶಾಶ್ವತವಾಗಿ ನಿಷಿದ್ಧವಾಯಿತು. ಸಿಡ್ನಿ, ಮೆಲ್ಬರ್ನ್‌ಗಳಲ್ಲಿರುವ ಮಕ್ಕಳ ಮನೆಗೆಂದು ಹೋಗುವ ಕನ್ನಡಿಗರು ಅಲ್ಲಿಂದ ಉಲುರುವಿನತ್ತ ಹೊರಡುವುದಾದರೆ ಹಳೆಯ ಪ್ರವಾಸ ಕೈಪಿಡಿಗಳನ್ನು ನಂಬಿಕೊಳ್ಳದಿರುವುದು ಒಳಿತು. ಅವುಗಳಲ್ಲಿ ಬಂಡೆ ಏರುವುದೇ ಮುಖ್ಯ ಆಕರ್ಷಣೆ. ಈಗ ಅಲ್ಲಿ ಉಳಿದಿರುವುದು ಬಂಡೆಯನ್ನು ಸುತ್ತಿ ಬರುವ ದಾರಿ.

ಸುತ್ತಲಿನ ನೆಲದಿಂದ 348 ಮೀಟರ್ ಎತ್ತರವಿರುವ ಉಲುರುವಿನ ಬುಡದ ಸುತ್ತಳತೆ 9.4 ಕಿಲೋಮೀಟರ್. ದೂರದಿಂದ ನೋಡಿದವರಿಗೆ ನಮ್ಮ ಸಾವನದುರ್ಗವೋ ಮಧುಗಿರಿಯೋ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಹುಟ್ಟಿನಲ್ಲಿ ಇವು ಬೇರೆ ಬೇರೆ. ನಮ್ಮ ಬೆಟ್ಟಗಳು ಭೂಗರ್ಭದ ಶಿಲಾರಸ ತಣಿದು ಗಟ್ಟಿಯಾದ ಗ್ರಾನೈಟ್, ಉಲುರು ಮರಳುಗಲ್ಲು. ಸುಮಾರು 55 ಕೋಟಿ ವರ್ಷಗಳ ಹಿಂದೆ ಪರ್ವತಶ್ರೇಣಿಯೊಂದು ಸವೆದು, ಅದರ ಮರಳು ತಪ್ಪಲಿನಲ್ಲಿ ಪದರಪದರವಾಗಿ ಶೇಖರವಾಯಿತು. ಆ ಪದರಗಳು ಒತ್ತಡಕ್ಕೆ ಸಿಲುಕಿ ಕಲ್ಲಾದವು. ಬಳಿಕ ಭೂಚಲನೆಯಿಂದ ಹೆಚ್ಚುಕಡಿಮೆ ನೆಟ್ಟಗೆ ನಿಂತವು. ಮೈಮೇಲೆ ಕಾಣುವ ಉದ್ದನೆಯ ಗೆರೆಗಳು ಆ ಪದರಗಳ ಅಂಚುಗಳೇ. ಕೆಂಪು ಬಣ್ಣವೂ ಹೊರಮೈಗೆ ಸೀಮಿತ. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಗಾಳಿ, ನೀರಿಗೆ ಸಿಕ್ಕಿ ತುಕ್ಕು ಹಿಡಿದದ್ದರಿಂದ ಬಂದ ಬಣ್ಣವದು. ಒಳಗಿನ ಕಲ್ಲು ಬೂದುಬಣ್ಣದ್ದು. ನೆಲದಡಿಯಲ್ಲಿ ಬಹುದೂರ ಚಾಚಿರುವ ಶಿಲಾಸ್ತರದ ಮೇಲ್ತುದಿ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

1873ರಲ್ಲಿ ಇಲ್ಲಿಗೆ ಬಂದ ಭೂಮಾಪಕ ವಿಲಿಯಂ ಗೊಸ್, ದಕ್ಷಿಣ ಆಸ್ಟ್ರೇಲಿಯಾದ ಮುಖ್ಯ ಕಾರ್ಯದರ್ಶಿಯಾಗಿದ್ದ ಹೆನ್ರಿ ಏರ್ಸ್‌ನ ಗೌರವಾರ್ಥ ಇದನ್ನು 'ಏರ್ಸ್ ರಾಕ್' ಎಂದು ಕರೆದ. ಅವನ ಜೊತೆ ಬಂಡೆ ಏರಿದವನು ಕಮ್ರಾನ್ ಎಂಬ ಅಫ್ಘನ್ ಒಂಟೆ ಸವಾರ. ಸಾವಿರಾರು ವರ್ಷಗಳಿಂದ ಅಲ್ಲೇ ಬದುಕಿದ್ದ ಅನಂಗು ಮೂಲನಿವಾಸಿಗಳು ಇಟ್ಟಿದ್ದ ಹೆಸರು ಉಲುರು. ಅಧಿಕೃತ ದಾಖಲೆಗಳಲ್ಲಿ ಆ ಹೆಸರಿಗೆ ಜಾಗ ಸಿಗಲು 1993ರವರೆಗೆ ಕಾಯಬೇಕಾಯಿತು. ಆಗಲೂ ಅದು ಎರಡನೆಯ ಹೆಸರಾಗಿತ್ತು, 2002ರಲ್ಲಿ ಮೊದಲನೆಯದಾಯಿತು.

ನಿಷೇಧದ ಬೇರು ಅನಂಗು ಜನರ 'ಜುಕುರ್ಪ'ದಲ್ಲಿದೆ. ಸೃಷ್ಟಿಕಥೆ, ಧರ್ಮ, ಕಟ್ಟುಪಾಡು ಮೂರನ್ನೂ ಒಳಗೊಂಡ ಪದವಿದು. ಪ್ರವಾಸಿಗರು ಹತ್ತುತ್ತಿದ್ದ ಪಶ್ಚಿಮದ ಕಡಿದಾದ ಇಳಿಜಾರು ಅವರ ಪಾಲಿಗೆ 'ಮಾಲ' ಎಂಬ ಪೂರ್ವಜರು ವಿಧಿಯೊಂದಕ್ಕಾಗಿ ಸಾಗಿದ ಪವಿತ್ರ ಹಾದಿ. ಅದೇ ಹಾದಿಯಲ್ಲಿ 1964ರಲ್ಲಿ ಕೈಹಿಡಿಗೆಂದು ಕಬ್ಬಿಣದ ಸರಪಳಿ ನೆಡಲಾಯಿತು. 1950ರ ದಶಕದಿಂದೀಚೆಗೆ ಕನಿಷ್ಠ 37 ಮಂದಿ ಬಂಡೆ ಏರಲು ಹೋಗಿ ಮೃತಪಟ್ಟಿದ್ದಾರೆ. ಕೆಲವರು ಜಾರಿ ಬಿದ್ದು, ಕೆಲವರು ಬಿಸಿಲಿನ ದಣಿವು, ಹೃದಯಾಘಾತಗಳಿಂದ. ತಮ್ಮ ನೆಲಕ್ಕೆ ಬಂದ ಅತಿಥಿಯ ಹೊಣೆ ತಮ್ಮದೆಂದು ಭಾವಿಸುವ ಅನಂಗು ಜನ ಇಂಥ ಪ್ರತಿ ಸಾವಿಗೂ ಶೋಕಿಸುತ್ತಿದ್ದರು. ಇದಲ್ಲದೆ, ನೆತ್ತಿಯ ಮೇಲೆ ಶೌಚಾಲಯವಿಲ್ಲ. ಮೇಲಿನ ಹೊಲಸು ಮಳೆ ಬಂದಾಗ ಬುಡದ ನೀರುಗುಂಡಿಗಳನ್ನು ಸೇರುತ್ತಿತ್ತು. ಮರಳುಗಾಡಿನಲ್ಲಿ ಇದು ಸಣ್ಣ ಮಾತಲ್ಲ.

1985ರ ಅಕ್ಟೋಬರ್ 26ರಂದು ಸರ್ಕಾರ ಈ ಭೂಮಿಯ ಒಡೆತನವನ್ನು ಅನಂಗು ಜನರಿಗೆ ಮರಳಿಸಿತು. ಅವರು ಅದನ್ನು 99 ವರ್ಷಗಳ ಗುತ್ತಿಗೆಗೆ ರಾಷ್ಟ್ರೀಯ ಉದ್ಯಾನಕ್ಕಾಗಿ ಕೊಟ್ಟರು. 'ದಯವಿಟ್ಟು ಹತ್ತಬೇಡಿ' ಎಂಬ ವಿನಂತಿ ಅನೇಕ ವರ್ಷ ಫಲಕದ ಮೇಲಷ್ಟೇ ಇತ್ತು. ಹತ್ತುವವರ ಪ್ರಮಾಣ ಶೇ 20ಕ್ಕಿಂತ ಕೆಳಗಿಳಿದರೆ ದಾರಿ ಮುಚ್ಚುವ ಬಗ್ಗೆ ನಿರ್ಧರಿಸಬಹುದು ಎಂದು 2010ರ ನಿರ್ವಹಣಾ ಯೋಜನೆ ಹೇಳಿತು. ಅದು ಇಳಿಯಿತು ಕೂಡ. ಅನಂಗು ಸದಸ್ಯರೇ ಬಹುಸಂಖ್ಯಾತರಾಗಿರುವ ಆಡಳಿತ ಮಂಡಳಿ 2017ರ ನವೆಂಬರ್ 1ರಂದು ಸರ್ವಾನುಮತದಿಂದ ನಿಷೇಧ ನಿರ್ಣಯ ಕೈಗೊಂಡಿತು. ಜಾರಿಗೆ ಆಯ್ದುಕೊಂಡದ್ದು ಭೂಮಿ ಮರಳಿ ಸಿಕ್ಕಿದ ದಿನವನ್ನೇ. ಬಂಡೆ ಎಲ್ಲರಿಗೂ ಸೇರಿದ್ದು ಎಂದು ವಾದಿಸಿದವರೂ ಇದ್ದರು. ಕೊನೆಯ ತಿಂಗಳುಗಳ ನೂಕುನುಗ್ಗಲು, ರಸ್ತೆಬದಿ ಬಿದ್ದ ಕಸ ಆ ವಾದಕ್ಕೆ ಘನತೆಯನ್ನೇನೂ ತರಲಿಲ್ಲ.

ಬೆಟ್ಟದ ದೇವರನ್ನು ಕಾಣಲು ಮೆಟ್ಟಿಲು ಹತ್ತುವುದೇ ಹರಕೆಯಾಗಿರುವ ನಾಡಿನವರಿಗೆ ಹತ್ತದಿರುವುದೇ ಭಕ್ತಿ ಎಂಬ ಮಾತು ವಿಚಿತ್ರವೆನಿಸಬಹುದು. ಪ್ರದಕ್ಷಿಣೆ ಮಾತ್ರ ನಮಗೆ ಹೊಸದಲ್ಲ. ಬುಡದ ಸುತ್ತಲಿನ ಕಾಲುದಾರಿ 10.6 ಕಿಲೋಮೀಟರ್, ಸಮತಟ್ಟು. ನಿಧಾನವಾಗಿ ನಡೆದರೆ ಮೂರೂವರೆ ತಾಸು ಬೇಕು. ಬೆಳಿಗ್ಗೆಯೇ ಮಾಲ ವಾಹನ ನಿಲ್ದಾಣದಿಂದ ಹೊರಟು ಬಂಡೆಯನ್ನು ಬಲಕ್ಕಿಟ್ಟುಕೊಂಡು ಸುತ್ತುವಂತೆ ಉದ್ಯಾನದ ಸಲಹೆಯಿದೆ. ಅಪ್ಪಟ ಪ್ರದಕ್ಷಿಣೆಯೇ!

ಸುತ್ತಿದವರಿಗಷ್ಟೇ ತಿಳಿಯುವ ಸಂಗತಿಯೆಂದರೆ ಉಲುರು ಚಿತ್ರಗಳಲ್ಲಿ ಕಾಣುವಷ್ಟು ನುಣುಪಲ್ಲ. ಗುಹೆ, ಪೊಟರೆ, ಕೊರಕಲು, ಮಳೆನೀರು ಇಳಿದು ಕಪ್ಪಾದ ಪಟ್ಟೆಗಳು ಹೆಜ್ಜೆಹೆಜ್ಜೆಗೂ ಇವೆ. ಪೂರ್ಣ ಸುತ್ತು ಆಗದವರು ಹೋಗಿಬರಲು 2 ಕಿಲೋಮೀಟರ್ ಇರುವ ಮಾಲ ನಡಿಗೆಯನ್ನು ಆರಿಸಿಕೊಳ್ಳಬಹುದು. ಅಲ್ಲಿನ ಗುಹೆಗಳಲ್ಲಿ ಹಳೆಯ ಚಿತ್ರಗಳಿವೆ. ಕೊನೆಯಲ್ಲಿ ಕಾಂಜು ಕಮರಿ. ಇನ್ನೂ ಚಿಕ್ಕದಾದ ಕುನಿಯ ನಡಿಗೆ ಮುಟಿಜುಲು ನೀರುಗುಂಡಿಗೆ ಒಯ್ಯುತ್ತದೆ. ಕುನಿಯ ಎಂಬ ಹೆಬ್ಬಾವು-ಹೆಂಗಸು ತನ್ನವನ ಮೇಲಿನ ದಾಳಿಗೆ ಸೇಡು ತೀರಿಸಿಕೊಂಡ ಕಥೆಯ ಗುರುತುಗಳನ್ನು ಅಲ್ಲಿನ ಗೋಡೆಯ ಮೇಲೆ ತೋರಿಸುತ್ತಾರೆ.

ದಾರಿಯ ಕೆಲವೆಡೆ ಛಾಯಾಚಿತ್ರ ತೆಗೆಯಬಾರದೆಂಬ ಫಲಕಗಳಿವೆ. ಆ ಬಿರುಕು, ಗುಹೆಗಳು ಅನಂಗು ಜನರಿಗೆ ಶಾಸ್ತ್ರಗ್ರಂಥದ ಪುಟಗಳಿದ್ದಂತೆ. ಕೆಲವನ್ನು ಗಂಡಸರು ಮಾತ್ರ, ಕೆಲವನ್ನು ಹೆಂಗಸರು ಮಾತ್ರ ಅರಿಯತಕ್ಕದ್ದು; ಅವುಗಳ ಚಿತ್ರ ಊರೂರು ಸುತ್ತುವುದು ಅವರಿಗೆ ಒಪ್ಪಿಗೆಯಲ್ಲ. ಕಲ್ಲುಚೂರು, ಮರಳನ್ನು ಜೇಬಿಗಿಳಿಸಿಕೊಳ್ಳುವುದೂ ತಪ್ಪು. ಹಾಗೆ ಒಯ್ದವರು ಎಷ್ಟೋ ವರ್ಷಗಳ ಬಳಿಕ ಕ್ಷಮೆ ಕೋರುವ ಪತ್ರದೊಡನೆ ಅವನ್ನು ಅಂಚೆಯಲ್ಲಿ ಹಿಂದಿರುಗಿಸುವುದುಂಟು. ಸಿಬ್ಬಂದಿ ಅವನ್ನು 'ಸಾರಿ ಕಲ್ಲು'ಗಳೆಂದೇ ಕರೆಯುತ್ತಾರೆ.

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನಡಿಗೆಗೆ ಹಿತವಾದ ಕಾಲ. ರಾತ್ರಿ ಮಾತ್ರ ಕೊರೆಯುವ ಚಳಿ. ಬೇಸಿಗೆಯಲ್ಲಿ, ಎಂದರೆ ನಮ್ಮ ಡಿಸೆಂಬರ್-ಜನವರಿಯಲ್ಲಿ, ಬೆಳಿಗ್ಗೆ 11ರೊಳಗೆ ನಡಿಗೆ ಮುಗಿಸಿರಬೇಕು. ತಾಸಿಗೆ ಒಂದು ಲೀಟರ್ ನೀರು ಜೊತೆಗಿರಲಿ. ಮುಖಕ್ಕೆ ಮುತ್ತುವ ನೊಣಗಳಿಗೆ ತಲೆಬಲೆಯೊಂದೇ ಪರಿಹಾರ. ಉದ್ಯಾನದೊಳಗೆ ತಂಗಲು ಅವಕಾಶವಿಲ್ಲ. ವಸತಿ ಹೊರಗಿನ ಯುಲಾರದಲ್ಲಿ. ವಿಮಾನ ನಿಲ್ದಾಣವೂ ಅದರ ಬಳಿಯೇ ಇದೆ. ಆಲಿಸ್ ಸ್ಪ್ರಿಂಗ್ಸ್‌ನಿಂದ ರಸ್ತೆಯಲ್ಲಿ ಬರುವವರು ಸುಮಾರು 450 ಕಿಲೋಮೀಟರ್ ಕ್ರಮಿಸಬೇಕು. ಪ್ರವೇಶಪತ್ರಕ್ಕೆ ಒಂದಕ್ಕಿಂತ ಹೆಚ್ಚು ದಿನಗಳ ಮಾನ್ಯತೆಯಿರುವುದರಿಂದ ಬಂಡೆಯ ಬಣ್ಣ ಬದಲಾಗುವ ಸೂರ್ಯಾಸ್ತವನ್ನು ಒಂದು ಸಂಜೆಗೂ ನಡಿಗೆಯನ್ನು ಮರುದಿನದ ಬೆಳಗಿಗೂ ಇಟ್ಟುಕೊಳ್ಳಬಹುದು.