ಊಹಿಸು, ಲೆಕ್ಕ ಹಾಕು, ತಾಳೆ ನೋಡು!

ಉತ್ತರವನ್ನು ಮೊದಲೇ ಊಹಿಸಿಕೊಂಡು ಆಮೇಲೆ ಲೆಕ್ಕ ಮಾಡುವ ಹುಡುಗರನ್ನು ನಾವು ಮೇಷ್ಟ್ರುಗಳು ಗದರಿಸುತ್ತೇವೆ. ಆದರೆ ಸ್ಫಟಿಕದ ಮೇಲ್ಮೈಯಲ್ಲಿ ಪರಮಾಣುಗಳು ಎಲ್ಲೆಲ್ಲಿ ಕುಳಿತಿವೆ ಎಂದು ಪತ್ತೆ ಹಚ್ಚುವ ವಿಜ್ಞಾನಿಗಳು ಮಾಡುವುದೂ ಇದನ್ನೇ!

1927ರಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್ ನಿಕಲ್ ಸ್ಫಟಿಕದ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿದರು. 54 ವೋಲ್ಟ್‌ನಲ್ಲಿ, 50 ಡಿಗ್ರಿ ಕೋನದತ್ತ ಅವು ವಿಶೇಷವಾಗಿ ಚದುರಿದವು. ಎಲೆಕ್ಟ್ರಾನ್ ಅಲೆಯಂತೆಯೂ ವರ್ತಿಸುತ್ತದೆ ಎಂಬುದು ಹೀಗೆ ಖಚಿತವಾಯಿತು. ಡೇವಿಸನ್‌ಗೆ 1937ರ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಇಷ್ಟು ಕಡಿಮೆ ಶಕ್ತಿಯ ಎಲೆಕ್ಟ್ರಾನ್ ಕೆಲವೇ ಪರಮಾಣು ಪದರಗಳಷ್ಟು ಒಳಹೊಕ್ಕು ಹಿಂದಿರುಗುತ್ತದೆ. ಹಾಗಾಗಿ ಅದು ತರುವುದು ಮೇಲ್ಮೈಯ ಸುದ್ದಿ. ಕಬ್ಬಿಣ ತುಕ್ಕು ಹಿಡಿಯುವುದು, ಘನ ವೇಗವರ್ಧಕಗಳು ಕೆಲಸ ಮಾಡುವುದು ಎಲ್ಲವೂ ಮೇಲ್ಮೈಯಲ್ಲೇ ತಾನೆ?

ಪರದೆಯ ಮೇಲೆ ಮೂಡುವ ಚುಕ್ಕಿಗಳು ವಿನ್ಯಾಸ ಎಷ್ಟು ದೂರಕ್ಕೊಮ್ಮೆ ಮರುಕಳಿಸುತ್ತದೆ ಎಂದು ಹೇಳುತ್ತವೆ. ಪರಮಾಣುಗಳ ನಿಖರ ಸ್ಥಾನ ಬೇಕಾದರೆ, ಎಲೆಕ್ಟ್ರಾನಿನ ಶಕ್ತಿ ಬದಲಾದಂತೆ ಪ್ರತಿ ಚುಕ್ಕಿಯ ಪ್ರಕಾಶ ಹೇಗೆ ಏರಿಳಿಯುತ್ತದೆ ಎಂದು ಅಳೆಯಬೇಕು. ತೊಡಕು ಇಲ್ಲೇ ಇದೆ. ಎಲೆಕ್ಟ್ರಾನ್ ಹೊರಬರುವ ಮುನ್ನ ಹಲವು ಸಲ ಚದುರುತ್ತದೆ. ಆದ್ದರಿಂದ ಅಳತೆಯಿಂದ ನೇರವಾಗಿ ಸ್ಥಾನ ಕಂಡುಹಿಡಿಯುವುದು ಕಷ್ಟ.

ಆಗ ನೆರವಿಗೆ ಬರುವುದು ಕಂಪ್ಯೂಟರ್. ಮೊದಲು ಒಂದು ರಚನೆಯನ್ನು ಊಹಿಸಬೇಕು. ಎರಡನೆಯದಾಗಿ, ಒಂದೊಂದು ಪರಮಾಣು ಅಲೆಯನ್ನು ಹೇಗೆ ಚದುರಿಸುತ್ತದೆ ಎಂಬ ಲೆಕ್ಕ. ಮೂರನೆಯದು, ಇಡೀ ಪದರದ ಲೆಕ್ಕ. ನಾಲ್ಕನೆಯದು, ಪದರಗಳನ್ನು ಒಂದರ ಮೇಲೊಂದು ಪೇರಿಸಿ ಚುಕ್ಕಿಗಳ ಪ್ರಕಾಶ ಕಂಡುಹಿಡಿಯುವುದು. ಐದನೆಯದು, ಅಳತೆಯೊಡನೆ ತಾಳೆ. ಇದಕ್ಕೆ 'ಆರ್' ಎಂಬ ಅಂಕವಿದೆ. ಪೂರ್ತಿ ಹೊಂದಿದರೆ 0. ಸಂಬಂಧವೇ ಇಲ್ಲದಿದ್ದರೆ ಸುಮಾರು 1. ಕೊನೆಗೆ, ಪರಮಾಣುಗಳನ್ನು ಚೂರು ಸರಿಸಿ ಮತ್ತೆ ಲೆಕ್ಕ. ಆರ್ ಅತಿ ಕಡಿಮೆಯಾಗುವವರೆಗೆ.

ಒಂದು ಎಚ್ಚರಿಕೆ: ಮೂಲ ಊಹೆಯೇ ತಪ್ಪಾಗಿದ್ದರೆ ಎಷ್ಟು ಸರಿಸಿದರೂ ಫಲವಿಲ್ಲ. ಆಗ ಹೊಸ ಊಹೆಯೇ ಬೇಕು. ಸಿಲಿಕಾನ್‌ನ ಒಂದು ಮೇಲ್ಮೈಯಲ್ಲಿ ಪ್ರತಿ ಬದಿಗೆ 7 ಪಟ್ಟು ದೊಡ್ಡದಾದ ವಿನ್ಯಾಸವಿರುವುದು 1959ರಲ್ಲೇ ಚುಕ್ಕಿಗಳಲ್ಲಿ ಕಂಡಿತ್ತು. ಹಲವು ಮಾದರಿಗಳು ಬಂದುಹೋದವು. ಎಲ್ಲರೂ ಒಪ್ಪುವ ಮಾದರಿಯನ್ನು ಜಪಾನಿನ ತಕಯನಗಿ ಮತ್ತು ಸಂಗಡಿಗರು ಮುಂದಿಟ್ಟದ್ದು 1985ರಲ್ಲಿ. ಅವರೂ ಆಧರಿಸಿದ್ದು ತೆಳು ಹಾಳೆಯ ಮೂಲಕ ಹಾಯಿಸಿದ ಎಲೆಕ್ಟ್ರಾನುಗಳ ವಿವರ್ತನೆಯನ್ನೇ.

ಪಾಲಕರೇ, ನಿಮ್ಮ ಮಗುವಿನ ಮೊದಲ ಊಹೆ ತಪ್ಪಾದರೆ ಬೈಯಬೇಡಿ. 'ತಾಳೆ ನೋಡಿದೆಯಾ?' ಎಂದು ಕೇಳಿ. ಊಹಿಸುವುದು ತಪ್ಪಲ್ಲ; ತಾಳೆ ನೋಡದೆ ಅದನ್ನೇ ನಂಬಿ ಕೂರುವುದು ತಪ್ಪು.