ಕ್ಯಾಡ್ ನಕ್ಷೆಯಲ್ಲಿ ‘ಅನ್‌ಡೂ’: ಎಷ್ಟರಮಟ್ಟಿಗೆ ನಂಬಬಹುದು?

ದಾಸ್ತಾನು ಪರಿಶೀಲನೆಗೆಂದು ಪೀಣ್ಯದ ಕಕ್ಷಿದಾರರೊಬ್ಬರ ಕಾರ್ಖಾನೆಗೆ ಹೋಗಿದ್ದಾಗ, ಗುಜರಿ ರಾಶಿಯಲ್ಲಿ 40 ಹೊಚ್ಚಹೊಸ ಫ್ಲೇಂಜುಗಳು ಕಂಡವು. ವಿಚಾರಿಸಲಾಗಿ, ಬೋಲ್ಟ್ ರಂಧ್ರಗಳ ಸ್ಥಾನ ತಪ್ಪಿದ್ದುದು ತಿಳಿಯಿತು. ಯಂತ್ರದ್ದಾಗಲಿ, ಕೆಲಸಗಾರರದ್ದಾಗಲಿ ದೋಷವಿರಲಿಲ್ಲ. ತಪ್ಪು ಹುಟ್ಟಿದ್ದು ಆಟೋಕ್ಯಾಡ್‌ನಲ್ಲಿ ನಕ್ಷೆ ತಿದ್ದುವಾಗ.

ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕೊನೆಯ ಕ್ರಿಯೆ ರದ್ದಾಗುತ್ತದೆ. ಕಂಟ್ರೋಲ್ ಮತ್ತು ವೈ ಒತ್ತಿದರೆ ರದ್ದಾದದ್ದು ಮರಳುತ್ತದೆ. ಇದನ್ನು ಎಲ್ಲರೂ ಬಲ್ಲರು. ಆದರೆ ಮರಳಿ ಪಡೆಯುವುದಕ್ಕೆ ಒಂದು ಷರತ್ತುಂಟು: ರದ್ದುಮಾಡಿದ ಕೂಡಲೇ ಪಡೆಯಬೇಕು. ನಡುವೆ ಹೊಸದಾಗಿ ಒಂದು ಗೆರೆ ಎಳೆದರೂ ‘ರೀಡೂ’ ಕೈಗೆ ಸಿಗದು. ಸದರಿ ಡ್ರಾಫ್ಟ್ಸ್‌ಮನ್ ಬೇರೊಂದು ವಿನ್ಯಾಸವನ್ನು ಪ್ರಯತ್ನಿಸಿ, ಬೇಡವೆಂದು ಹಿಂದೆ ಸರಿಯುವಾಗ ಎಣಿಕೆ ತಪ್ಪಿ, ಗ್ರಾಹಕರು ಸೂಚಿಸಿದ್ದ ರಂಧ್ರಗಳ ತಿದ್ದುಪಡಿಯನ್ನೂ ಅಳಿಸಿಬಿಟ್ಟಿದ್ದರು. ಅನಂತರ ಕೆಲಸ ಮುಂದುವರಿಸಿ ಕಡತವನ್ನು ಉಳಿಸಿದರು. ಮುದ್ರಿತ ಪ್ರತಿ ಅಂದೇ ಯಂತ್ರಶಾಲೆಗೆ ಹೋಯಿತು.

ಎಣಿಸುವ ಕಷ್ಟವನ್ನು ತಪ್ಪಿಸಲು ತಂತ್ರಾಂಶದಲ್ಲಿಯೇ ದಾರಿಯಿದೆ. ಪ್ರಯೋಗಕ್ಕೆ ಮೊದಲು ‘ಅನ್‌ಡೂ’ ಆದೇಶದ ‘ಮಾರ್ಕ್’ ಆಯ್ಕೆಯಿಂದ ಗುರುತು ಹಾಕಿಕೊಂಡರೆ, ‘ಬ್ಯಾಕ್’ ಆಯ್ಕೆಯು ನೇರವಾಗಿ ಆ ಗುರುತಿಗೇ ಒಯ್ದು ನಿಲ್ಲಿಸುತ್ತದೆ. ಕೊನೆಯ ಬಾರಿ ಅಳಿಸಿದ ಭಾಗ ಮಾತ್ರ ಬೇಕಾದರೆ ‘ಊಪ್ಸ್’ ಆದೇಶವುಂಟು. ಹೆಸರು ತಮಾಷೆಯದು, ಉಪಯೋಗ ಗಂಭೀರವಾದುದು. ಅನಂತರ ಮಾಡಿದ ಕೆಲಸಕ್ಕೆ ಅದರಿಂದ ಧಕ್ಕೆಯಾಗದು. ಈ ಎರಡನ್ನೂ ಬಳಸುವವರನ್ನು ನಾನು ಕಂಡದ್ದು ಕಡಿಮೆ.

ಕಡತವನ್ನು ಮುಚ್ಚಿದೊಡನೆ ಅನ್‌ಡೂವಿನ ನೆನಪು ಅಳಿಯುತ್ತದೆ. ಯಾರು, ಯಾವಾಗ, ಏನನ್ನು ಬದಲಿಸಿದರೆಂಬ ದಾಖಲೆ ಅದರಲ್ಲಿ ಉಳಿಯದು. ನಮ್ಮ ಲೆಕ್ಕಪತ್ರಗಳ ರೀತಿ ಇದಕ್ಕೆ ತದ್ವಿರುದ್ಧ. ತಪ್ಪು ನಮೂದನ್ನು ಅಳಿಸದೆ ತಿದ್ದುಪಡಿಯ ನಮೂದನ್ನು ಬರೆಯುತ್ತೇವೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿ ಬದಲಾವಣೆಯ ಜಾಡನ್ನು ದಿನಾಂಕಸಹಿತ ಉಳಿಸುವುದು ಕಡ್ಡಾಯವಾಗಿದೆ. ನಕ್ಷೆಗಳಿಗೆ ಅಂತಹ ಕಾನೂನಿನ ಒತ್ತಾಯವಿಲ್ಲದಿರುವುದರಿಂದ ಮಾಲೀಕರೇ ಶಿಸ್ತನ್ನು ರೂಢಿಸಬೇಕು.

ಆ ಕಕ್ಷಿದಾರರು ಈಗ ಪ್ರತಿ ತಿದ್ದುಪಡಿಯ ನಕ್ಷೆಯನ್ನೂ ಹೊಸ ಪರಿಷ್ಕರಣ ಸಂಖ್ಯೆಯೊಡನೆ ಬೇರೆ ಕಡತವಾಗಿ ಉಳಿಸುತ್ತಾರೆ. ಗ್ರಾಹಕರ ಪತ್ರದೊಡನೆ ತಾಳೆ ನೋಡಿ ಮತ್ತೊಬ್ಬರು ಸಹಿ ಹಾಕದ ಪ್ರತಿ ಯಂತ್ರಶಾಲೆಯನ್ನು ಸೇರುವುದಿಲ್ಲ. ಆ 40 ಫ್ಲೇಂಜುಗಳಿಗೆ ಬಂದದ್ದು ಉಕ್ಕಿನ ಗುಜರಿ ಬೆಲೆ ಮಾತ್ರ. ಯಂತ್ರದ ಗಂಟೆಗಳು, ವಿದ್ಯುತ್ತು, ಕೂಲಿ, ಎಲ್ಲವೂ ನಷ್ಟದ ಬಾಬಿಗೆ ಸೇರಿದವು.